ರೊಟ್ಟಿ ಊಟದವರು ಕೊಲೊನೋಸ್ಕೋಪಿಗೆ ತಯಾರಾಗುವುದು: ನನ್ನ ಅನುಭವ

ಕೊಲೊನೋಸ್ಕೋಪಿ ಮಾಡಿಸಿ ಎಂದಾಗ ಆಸ್ಪತ್ರೆಯವರು ಊಟದ ಒಂದು ಚೀಟಿ ಕೊಡುತ್ತಾರೆ. ನನ್ನ ಚೀಟಿಯಲ್ಲಿ ಬಿಳಿ ಬ್ರೆಡ್, ಸೂಪ್, ಸೇಬಿನ ಜ್ಯೂಸ್ ಅಂತ ಇತ್ತು. ಗದಗಿನ ನಮ್ಮ ಮನೆಯಲ್ಲಿ ದಿನಾ ಆಗುವ ಅಡಿಗೆಯೇ ಬೇರೆ. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಜೊತೆಗೆ ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು. ಒಳ್ಳೆಯ ಊಟವೇ. ಆದರೆ ಈ ಪರೀಕ್ಷೆಗೆ ಮೊದಲು ಏನೇನು ಬಿಡಬೇಕೋ ಅದೆಲ್ಲ ಇದೇ ತಾಟಿನಲ್ಲಿದೆ. ಹಾಗಾಗಿ ನಮ್ಮ ಕಡೆಯ ಅಡಿಗೆಮನೆಗೆ ಹೊಂದುವಂತೆ ನಾನು ಹೇಗೆ ಮಾಡಿಕೊಂಡೆ ಅಂತ ಬರೆಯುತ್ತಿದ್ದೇನೆ.

ಕೊಲೊನೋಸ್ಕೋಪಿಯಲ್ಲಿ ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗೋಡೆಯನ್ನು ನೋಡುತ್ತಾರೆ. ಅಲ್ಲಿ ಸಿಪ್ಪೆ, ನಾರು ಉಳಿದಿದ್ದರೆ ಸಣ್ಣ ಪಾಲಿಪ್ (ಒಳಗೋಡೆಯ ಮೇಲೆ ಬೆಳೆಯುವ ಗಂಟು) ಇದ್ದರೂ ಕಾಣದೆ ಹೋಗಬಹುದು. ಕಾಳು, ಬೀಜ ಉಳಿದಿದ್ದರೆ ನಳಿಕೆಯ ನೀರು ಹೀರುವ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಕರುಳು ಸರಿಯಾಗಿ ತೊಳೆದು ಹೋಗದಿದ್ದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗಬಹುದು.

ನನಗೆ ಮೂರು ದಿನ ಮೊದಲೇ ಊಟ ಬದಲಿಸಲು ಹೇಳಿದ್ದರು. ರೊಟ್ಟಿ, ಕಾಳು, ಸೊಪ್ಪು, ಶೇಂಗಾ, ಅಗಸಿ, ಎಳ್ಳು, ಹಸಿ ತರಕಾರಿ, ಬೀಜ ಇರುವ ಹಣ್ಣು ಎಲ್ಲ ಬಂದ್. ಬದನೇಕಾಯಿ, ಟೊಮ್ಯಾಟೊ ಕೂಡ ಬೀಜದವೇ ಅಲ್ವಾ? ಅವೂ ಬೇಡ. ನಾನು ತಿಂದದ್ದು ಮೆತ್ತಗೆ ಬೇಯಿಸಿದ ಬಿಳಿ ಅನ್ನ, ಮೊಸರು, ಇಡ್ಲಿ, ಸಣ್ಣ ರವೆ ಉಪ್ಪಿಟ್ಟು, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ. ಮೊಟ್ಟೆ ತಿನ್ನುವವರು ತಿನ್ನಬಹುದು. ಎಲ್ಲರೂ ಮರೆಯುವುದು ಒಗ್ಗರಣೆಯನ್ನು. ಸಾಸಿವೆ, ಜೀರಿಗೆ, ಕರಿಬೇವು ಯಾವುದೂ ಬೀಳಬಾರದು. ಉಪ್ಪಿಟ್ಟಿಗೂ ಬರೀ ಎಣ್ಣೆ, ಇಂಗು, ಉಪ್ಪು.

ಹಿಂದಿನ ದಿನ ಗಟ್ಟಿ ಪದಾರ್ಥ ಏನೂ ಇಲ್ಲ, ಆರಪಾರ ಕಾಣುವ ತಿಳಿ ನೀರಿನಂಥವು ಮಾತ್ರ. "ಬರೇ ನೀರ ಕುಡದು ಹೆಂಗ ಇರ್ತಿ?" ಅಂತ ಅವ್ವ ಗಾಬರಿಯಾದಳು. ಆ ದಿನ ನನ್ನನ್ನು ಕಾಪಾಡಿದ್ದು ಬೇಳೆಯ ಕಟ್ಟು. ತೊಗರಿಬೇಳೆಯನ್ನು ಜಾಸ್ತಿ ನೀರಲ್ಲಿ ಬೇಯಿಸಿ, ಕಡೆಯದೆ, ಕಲಕದೆ ಹಾಗೇ ಬಿಡಬೇಕು. ಬೇಳೆ ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನಷ್ಟೇ ಬಗ್ಗಿಸಿ, ತೆಳು ಪಂಚೆಯ ಬಟ್ಟೆಯನ್ನು ಎರಡು ಪದರ ಮಾಡಿ ಸೋಸಬೇಕು. ಚಹಾದ ಸೋಸಣಿಗೆ ಸಾಲದು, ಹಿಟ್ಟು ಇಳಿದುಬಿಡುತ್ತದೆ. ಉಪ್ಪು, ಚಿಟಿಕೆ ಇಂಗು ಹಾಕಿ ಬಿಸಿಬಿಸಿ ಕುಡಿದರೆ ಊಟ ಮಾಡಿದ ಸಮಾಧಾನ ಸಿಗುತ್ತದೆ. ಸಿಹಿಸಿಹಿ ಕುಡಿದು ಬಾಯಿ ಕೆಟ್ಟಾಗ ಇದಕ್ಕಿಂತ ಒಳ್ಳೆಯದಿಲ್ಲ.

ಇದಲ್ಲದೆ ಎಳನೀರು, ಸೋಸಿದ ಲಿಂಬು ಶರಬತ್, ಹಾಲಿಲ್ಲದ ಚಹಾ ಕುಡಿದೆ. ಮಜ್ಜಿಗೆ ತೆಳ್ಳಗಿದ್ದರೂ ಹಾಲಿನದೇ, ಆ ದಿನ ಬೇಡ. ಕೋಕಂ, ದಾಳಿಂಬೆ, ಕಲ್ಲಂಗಡಿ, ಬೀಟ್‌ರೂಟ್ ರಸವೂ ಬೇಡ. ಅವುಗಳ ಕೆಂಪು ಬಣ್ಣ ಕರುಳಿನಲ್ಲಿ ರಕ್ತದಂತೆ ಕಾಣಬಹುದು.

ಕರುಳು ತೊಳೆಯಲು ಕೊಡುವ ಔಷಧಿ ಎಂದರೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ನನ್ನದು 2 ಲೀಟರ್ ನೀರಿಗೆ ಕಲಸುವ ಪ್ಯಾಕೆಟ್. ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಯ ದಿನ ನಸುಕಿನಲ್ಲಿ. ಹತ್ತು ಹದಿನೈದು ನಿಮಿಷಕ್ಕೆ ಒಂದು ಗ್ಲಾಸ್. ಫ್ರಿಜ್‌ನಲ್ಲಿಟ್ಟು ತಣ್ಣಗೆ ಕುಡಿದರೆ ಆ ಉಪ್ಪುಪ್ಪು ರುಚಿ ಅಷ್ಟು ಕಾಡುವುದಿಲ್ಲ. ನಡುನಡುವೆ ಕಲ್ಲುಸಕ್ಕರೆ ಚೀಪಿದೆ. ಪದೇ ಪದೇ ಸಂಡಾಸಿಗೆ ಹೋಗಿ ಚರ್ಮ ಉರಿಯುತ್ತದೆ, ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಕೊನೆಗೆ ಬರುವುದು ತಿಳಿ ಹಳದಿ ನೀರಿನಂತಿದ್ದರೆ ಕರುಳು ತೊಳೆದಿದೆ ಎಂದರ್ಥ. ನಸುಕಿನ ಆ ಅರ್ಧವನ್ನು ಬಿಡಲೇಬೇಡಿ. ರಾತ್ರಿಯೆಲ್ಲ ಸಣ್ಣ ಕರುಳಿನಿಂದ ಇಳಿದು ಬಂದದ್ದನ್ನು ತೊಳೆಯುವುದು ಅದೇ.

ಊರಿನಿಂದ ಬರುವವರಿಗೆ ಒಂದು ಮಾತು. ನನ್ನ ಪರೀಕ್ಷೆ ಇದ್ದದ್ದು ಹುಬ್ಬಳ್ಳಿಯಲ್ಲಿ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ನಸುಕಿನಲ್ಲಿ ಔಷಧಿ ಕುಡಿದು ಬಸ್ ಹತ್ತುವುದು ಆಗದ ಮಾತು. ನಾನು ಹಿಂದಿನ ದಿನವೇ ಹುಬ್ಬಳ್ಳಿಗೆ ಹೋಗಿ ವಿದ್ಯಾನಗರದ ತಂಗಿಯ ಮನೆಯಲ್ಲಿ ಉಳಿದೆ. ನೆಂಟರು ಇಲ್ಲದಿದ್ದರೆ ಆಸ್ಪತ್ರೆಯ ಹತ್ತಿರ ಒಂದು ಲಾಡ್ಜ್ ರೂಮ್ ಹಿಡಿಯಿರಿ, ಅಟ್ಯಾಚ್ಡ್ ಬಾತ್‌ರೂಮ್ ಇರುವಂಥದ್ದು. ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಸಕ್ಕರೆ ಕಾಯಿಲೆಯವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ತಗೋಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಕಿಡ್ನಿ, ಹೃದಯದ ತೊಂದರೆ ಇರುವವರು ಪುಡಿಯ ಬಗ್ಗೆಯೂ ಕೇಳಿ. ಕಿಡ್ನಿಯವರಿಗೆ ಎಳನೀರೂ ಆಗಿಬರದಿರಬಹುದು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಬ್ಬಿಣಾಂಶದ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅದರಿಂದ ಮಲ ಕಪ್ಪಗೆ, ಅಂಟಂಟಾಗುತ್ತದೆ.

ಪರೀಕ್ಷೆಯ ಹೊತ್ತಿನಲ್ಲಿ ನಿದ್ರೆ ಬರುವ ಔಷಧ ಕೊಟ್ಟಿದ್ದರು, ನನಗೆ ನೋವು ಗೊತ್ತಾಗಲಿಲ್ಲ. ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ಇರಲೇಬೇಕು. ಆಮೇಲೆ ಹೊಟ್ಟೆ ಉಬ್ಬಿದಂತಿತ್ತು, ಒಳಗೆ ಗಾಳಿ ತುಂಬಿರುತ್ತಾರಲ್ಲ. ಸ್ವಲ್ಪ ಓಡಾಡಿದ ಮೇಲೆ ಹಗುರಾಯಿತು. ಡಾಕ್ಟರು ಊಟ ಮಾಡಬಹುದು ಎಂದ ಮೇಲೆ ತಂಗಿ ಮೊಸರನ್ನ ಕಲಸಿಕೊಟ್ಟಳು. ಹೊಟ್ಟೆ ನೋವು ಹೆಚ್ಚಾದರೆ, ಜ್ವರ ಬಂದರೆ, ರಕ್ತ ಹೋದರೆ ತಡಮಾಡದೆ ಬನ್ನಿ ಅಂತ ನರ್ಸ್ ಹೇಳಿ ಕಳಿಸಿದ್ದರು. ನನಗೆ ಅದ್ಯಾವುದೂ ಆಗಲಿಲ್ಲ, ಮರುದಿನ ಮಧ್ಯಾಹ್ನ ಗದಗಿಗೆ ಹೊರಟೆ.