ಹೋಗನ್–ವಾರಿಯರ್, 1998: ಒಂದು ಕೆಟ್ಟ ಪಂದ್ಯವನ್ನು ನಾನು ವಿಮರ್ಶಿಸಿದ ಬಗೆ

ಹಾಲಿವುಡ್ ಹೋಗನ್ ಮತ್ತು ವಾರಿಯರ್ ಎಂಬ ಅಮೆರಿಕದ ಇಬ್ಬರು ವೃತ್ತಿಪರ ಕುಸ್ತಿಪಟುಗಳು ಸೆಣಸಿದ ಈ ಪಂದ್ಯದ ವಿಮರ್ಶೆಗೆ ಕೈ ಹಾಕಿದಾಗ ನಾನು ಹಾಕಿಕೊಂಡ ಮೊದಲ ಕಟ್ಟುಪಾಡು, ಬೆಂಕಿಯ ಪ್ರಸಂಗದಿಂದ ಬರಹ ಆರಂಭಿಸಬಾರದು ಎಂಬುದು. 1998ರ ಅಕ್ಟೋಬರ್ 25ರಂದು ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಗಾರ್ಡನ್ ಅರೀನಾದಲ್ಲಿ ಡಬ್ಲ್ಯುಸಿಡಬ್ಲ್ಯು ಎಂಬ ಕುಸ್ತಿ ಸಂಸ್ಥೆ ಹ್ಯಾಲೋವೀನ್ ಹ್ಯಾವಕ್ ಎಂಬ ಕಾರ್ಯಕ್ರಮ ನಡೆಸಿತು. ಅದರ ಈ ಪಂದ್ಯವನ್ನು ಪೂರ್ತಿ ನೋಡದವರಿಗೂ ಒಂದು ತುಣುಕು ಮಾತ್ರ ಗೊತ್ತಿರುತ್ತದೆ: ಎದುರಾಳಿಯ ಮೇಲೆ ಎಸೆಯಬೇಕಿದ್ದ ಬೆಂಕಿ ಹೋಗನ್‌ನ ಮುಖದ ಮುಂದೆಯೇ ಭುಗಿಲೆದ್ದದ್ದು. ಪಂದ್ಯದ ಕುಖ್ಯಾತಿಯೆಲ್ಲ ಆ ಕೆಲವು ಸೆಕೆಂಡುಗಳಿಗೆ ಅಂಟಿಕೊಂಡುಬಿಟ್ಟಿದೆ. ಆದರೆ ಪಂದ್ಯ ನಡೆದದ್ದು ಸುಮಾರು ಹದಿನಾಲ್ಕು ನಿಮಿಷ. ಉಳಿದ ನಿಮಿಷಗಳು ಚೆನ್ನಾಗಿದ್ದಿದ್ದರೆ ಬೆಂಕಿಯ ಎಡವಟ್ಟನ್ನು ಜನ ಒಂದು ಆಕಸ್ಮಿಕವೆಂದು ಮರೆಯುತ್ತಿದ್ದರು. ಹಾಗಾಗಲಿಲ್ಲ ಎಂದರೆ ಕೆಡುಕು ಬೇರೆಲ್ಲೋ ಇದೆ. ಅದನ್ನು ಹುಡುಕುವುದೇ ವಿಮರ್ಶಕನ ಕೆಲಸ ಎಂದುಕೊಂಡೆ.

ವೃತ್ತಿಪರ ಕುಸ್ತಿಯಲ್ಲಿ ಗೆಲುವು ಮೊದಲೇ ನಿರ್ಧಾರವಾಗಿರುತ್ತದೆ. ಹಾಗಾಗಿ ಯಾರು ಬಲಶಾಲಿ ಎಂಬ ಪ್ರಶ್ನೆ ಅಲ್ಲಿಲ್ಲ. ಇಬ್ಬರೂ ಸೇರಿ ನೋಡುಗನನ್ನು ನಂಬಿಸಬೇಕು, ನಂಬಿಸುತ್ತಲೇ ಒಬ್ಬರನ್ನೊಬ್ಬರು ಕಾಪಾಡಬೇಕು. ನಾನು ಪಂದ್ಯ ನೋಡುವಾಗ ಪಟ್ಟುಗಳ ಪಟ್ಟಿ ಮಾಡುವುದಿಲ್ಲ. ನನ್ನ ನಂಬಿಕೆ ಎಲ್ಲಿ ಕಡಿದುಹೋಯಿತು, ಮತ್ತೆ ಕೂಡಿಕೊಂಡಿತೇ ಇಲ್ಲವೇ ಎಂಬುದನ್ನಷ್ಟೇ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಒಳ್ಳೆಯ ಪಂದ್ಯಗಳಲ್ಲೂ ಅದು ಕಡಿಯುತ್ತದೆ. ಕಾಲು ಜಾರುತ್ತದೆ, ಏಟು ಗಾಳಿಗೆ ಬೀಳುತ್ತದೆ. ಪಳಗಿದ ಕುಸ್ತಿಪಟು ಅದನ್ನೇ ಕಥೆಯೊಳಗೆ ಹೊಲಿದುಬಿಡುತ್ತಾನೆ.

ಈ ಪಂದ್ಯಕ್ಕೆ ಕೈ ಹಾಕುವ ಮೊದಲು ಇದೇ ಇಬ್ಬರ ಹಳೆಯ ಪಂದ್ಯವನ್ನು ನೋಡಿಯೇ ತೀರಬೇಕಿತ್ತು. 1990ರ ಏಪ್ರಿಲ್ 1ರಂದು ಟೊರಾಂಟೊದ ಸ್ಕೈಡೋಮ್‌ನಲ್ಲಿ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಎಂಬ ಇನ್ನೊಂದು ಕುಸ್ತಿ ಸಂಸ್ಥೆ ನಡೆಸಿದ ಆರನೆಯ ರೆಸಲ್‌ಮೇನಿಯಾ ಕಾರ್ಯಕ್ರಮದ ಪಂದ್ಯ ಅದು. ಸಂಸ್ಥೆ ಪ್ರಕಟಿಸಿದ ಲೆಕ್ಕದಂತೆ 67,678 ಜನ ಸೇರಿದ್ದರು. ಹೋಗನ್‌ನ ಡಬ್ಲ್ಯುಡಬ್ಲ್ಯುಎಫ್ ಪಟ್ಟ ಮತ್ತು ವಾರಿಯರ್‌ನ ಇಂಟರ್‌ಕಾಂಟಿನೆಂಟಲ್ ಪಟ್ಟ, ಎರಡೂ ಪಣದಲ್ಲಿದ್ದವು. ಇಬ್ಬರೂ ಪಟ್ಟುಗಳ ಭಂಡಾರವಿದ್ದವರಲ್ಲ. ಆದರೂ ಇಪ್ಪತ್ತು ನಿಮಿಷ ಮೀರಿದ ಆ ಪಂದ್ಯ ಒಂದು ಕ್ಷಣವೂ ಸಡಿಲವಾಗುವುದಿಲ್ಲ. ಪ್ಯಾಟ್ ಪ್ಯಾಟರ್ಸನ್ ಎಂಬ ಅನುಭವಿ ಅದನ್ನು ಹೆಜ್ಜೆ ಹೆಜ್ಜೆಯಾಗಿ ಕಟ್ಟಿಕೊಟ್ಟಿದ್ದ. ಬೆರಳುಗಳನ್ನು ಹೆಣೆದು ಬಲಪರೀಕ್ಷೆಗೆ ನಿಂತಾಗ ಒಬ್ಬ ಮಂಡಿಯೂರುತ್ತಾನೆ, ಎದ್ದು ಇನ್ನೊಬ್ಬನನ್ನು ಮಂಡಿಯೂರಿಸುತ್ತಾನೆ. ಇಷ್ಟಕ್ಕೇ ಕ್ರೀಡಾಂಗಣ ಎದ್ದು ನಿಲ್ಲುತ್ತದೆ. ಕೊನೆಯಲ್ಲಿ ಹೋಗನ್ ಸೋತು, ಪಟ್ಟವನ್ನು ತಾನೇ ಎತ್ತಿ ವಾರಿಯರ್‌ನ ಕೈಗಿಟ್ಟು ಅಪ್ಪಿಕೊಳ್ಳುತ್ತಾನೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗದಂತೆ ಬೀಳುವ ವಿದ್ಯೆ ಇದೇ. ಸೋತವನ ಮಾನ ಉಳಿದರೆ ಗೆದ್ದವನ ಗೆಲುವಿಗೂ ತೂಕ ಬರುತ್ತದೆ. ಇದನ್ನು ನೋಡಿದ ಮೇಲೆ, ಇವರಿಬ್ಬರಿಗೂ ಕುಸ್ತಿ ಬರುತ್ತಿರಲಿಲ್ಲ ಎಂಬ ಸುಲಭದ ತೀರ್ಪನ್ನು ನಾನು ಬರೆಯುವ ಹಾಗಿರಲಿಲ್ಲ.

ನಡುವೆ ಎಂಟು ವರ್ಷ ಸರಿದಿತ್ತು. 1998ರಲ್ಲಿ ಹೋಗನ್‌ಗೆ 45, ವಾರಿಯರ್‌ಗೆ 39. ವಯಸ್ಸು ಒಂದು ಕಾರಣವೇ. ಆದರೆ ಪಂದ್ಯಕ್ಕೆ ಮುನ್ನ ವಾರವಾರ ನಡೆದ ಕಥೆಯನ್ನು ನೋಡಿದಾಗ ನನಗೆ ಹೆಚ್ಚಿನ ಕಾರಣಗಳು ಅಲ್ಲಿ ಸಿಕ್ಕವು. ಆಗಸ್ಟ್‌ನಲ್ಲಿ ಡಬ್ಲ್ಯುಸಿಡಬ್ಲ್ಯುನ ವಾರದ ಟಿವಿ ಕಾರ್ಯಕ್ರಮ ನೈಟ್ರೊಗೆ ವಾರಿಯರ್ ಬಂದಾಗ ಜನರ ಕೂಗು ನಿಜವಾದದ್ದು. ಅಲ್ಲಿಂದ ಮುಂದೆ ಅವನನ್ನು ಕುಸ್ತಿಪಟುವಾಗಿ ತೋರಿಸಲಿಲ್ಲ, ಮಾಯಾವಿಯಾಗಿ ತೋರಿಸಿದರು. ಹೊಗೆ ಏಳುತ್ತದೆ, ಎಲ್ಲರೂ ನಿದ್ದೆ ಹೋದಂತೆ ಬೀಳುತ್ತಾರೆ, ಅವನು ಮಾಯವಾಗುತ್ತಾನೆ. ಆ ಮಾಯೆಗಾಗಿ ರಿಂಗಿನ ನೆಲದಲ್ಲಿ ಒಂದು ಗುಪ್ತ ಬಾಗಿಲು ಕೊರೆದಿದ್ದರು. ಸೆಪ್ಟೆಂಬರ್‌ನ ಫಾಲ್ ಬ್ರಾಲ್ ಕಾರ್ಯಕ್ರಮದಲ್ಲಿ ಡೇವಿ ಬಾಯ್ ಸ್ಮಿತ್ ಎಂಬ ಕುಸ್ತಿಪಟು ಆ ಬಾಗಿಲ ಮೇಲೆಯೇ ಬಿದ್ದು ಬೆನ್ನಿಗೆ ಗಂಭೀರ ಪೆಟ್ಟು ಮಾಡಿಕೊಂಡ. ಈ ಜಗಳದ ಪಾತ್ರವೇ ಅಲ್ಲದವನೊಬ್ಬ ಅದರ ಅಲಂಕಾರಕ್ಕೆ ಬೆಲೆ ತೆತ್ತ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಆ ಸಿಟ್ಟನ್ನು ವಿಮರ್ಶೆಯಲ್ಲಿ ಉಳಿಸಿಕೊಂಡೆ.

ಕನ್ನಡಿಯ ಪ್ರಸಂಗವೂ ಹಾಗೆಯೇ. ಕನ್ನಡಿಯಲ್ಲಿ ವಾರಿಯರ್ ಹೋಗನ್‌ಗೆ ಕಾಣುತ್ತಾನೆ, ಪಕ್ಕದಲ್ಲಿರುವ, ಸಂಸ್ಥೆಯ ಮುಖ್ಯಸ್ಥ ಎರಿಕ್ ಬಿಷಾಫ್‌ಗೆ ಕಾಣುವುದಿಲ್ಲ. ಹೋಗನ್‌ಗೆ ಬುದ್ಧಿ ಕೆಡುತ್ತಿದೆ ಎಂಬುದು ಕಥೆ. ಆದರೆ ಟಿವಿ ನೋಡುವ ಎಲ್ಲರಿಗೂ ವಾರಿಯರ್ ಸ್ಪಷ್ಟವಾಗಿ ಕಾಣುತ್ತಿದ್ದಾನೆ. ಹಾಗಾದರೆ ಹುಚ್ಚು ಯಾರಿಗೆ? ನನ್ನ ಅಂಚಿನ ಟಿಪ್ಪಣಿಯಲ್ಲಿ ಮೊದಲ ಗುರುತು ಬಿದ್ದದ್ದು ಇಲ್ಲಿ, ಪಂದ್ಯದ ಗಂಟೆ ಬಾರಿಸುವುದಕ್ಕೆ ವಾರಗಳ ಮೊದಲು.

ಪಂದ್ಯವನ್ನು ಮೊದಲು ವೀಕ್ಷಕ ವಿವರಣೆಯೊಂದಿಗೆ ನೋಡಿದೆ, ಆಮೇಲೆ ಸದ್ದು ಪೂರ್ತಿ ತೆಗೆದು ನೋಡಿದೆ. ಸದ್ದಿಲ್ಲದೆ ನೋಡುವುದು ನಾನು ಯಾವ ಪಂದ್ಯಕ್ಕೂ ತಪ್ಪಿಸದ ಅಭ್ಯಾಸ. ಮಾತುಗಾರರ ಆವೇಶ ಬಿಟ್ಟುಹೋದರೆ ಕಣ್ಣು ಪಾದಗಳ ಮೇಲೆ ನಿಲ್ಲುತ್ತದೆ. ಏಟು ಕೊಡುವವನ ಪಾದ ಮೊದಲು ಸರಿಯುತ್ತದೆ, ತೆಗೆದುಕೊಳ್ಳುವವನ ಭಾರ ಆ ಹೊತ್ತಿಗೆ ಹಿಮ್ಮಡಿಗೆ ಬಂದಿರಬೇಕು. ಇಲ್ಲಿ ಹಾಗಿಲ್ಲ. ವಾರಿಯರ್‌ನ ಏಟು ತಲುಪಿದ ಮೇಲೆ ಹೋಗನ್ ಬೀಳುವ ನಿರ್ಧಾರ ಮಾಡುತ್ತಾನೆ. ಹೋಗನ್ ಮೊಣಕೈ ಊರಿ ಬೀಳುವಾಗ ವಾರಿಯರ್ ಉರುಳಿ ತಪ್ಪಿಸಿಕೊಳ್ಳುತ್ತಾನೆ. ಅದೇ ಮತ್ತೆ, ಅದೇ ಮತ್ತೆ. ಹಿಡಿತಗಳ ನಡುವೆ ಇಬ್ಬರೂ ಸುಮ್ಮನೆ ನಿಂತ ಹೊತ್ತು ಉದ್ದವಾಗುತ್ತಾ ಹೋಗುತ್ತದೆ. ಮುಂದೇನು ಎಂದು ಒಬ್ಬ ಇನ್ನೊಬ್ಬನಿಗಾಗಿ ಕಾಯುತ್ತಿರುವುದು ಆ ನಿಲುವಿನಲ್ಲೇ ತಿಳಿಯುತ್ತದೆ. ರೆಫರಿ ನಿಕ್ ಪ್ಯಾಟ್ರಿಕ್ ಪೆಟ್ಟು ತಿಂದು ಬೀಳುತ್ತಾನೆ, ಹೋಗನ್‌ನ ಬಣದ ದಿ ಜೈಂಟ್ ಎಂಬ ಕುಸ್ತಿಪಟು ಮತ್ತು ಜೊತೆಗಾರರು ನುಗ್ಗುತ್ತಾರೆ. ಆ ಗದ್ದಲದಲ್ಲಿ ಒಂದಿಷ್ಟು ಜೀವ ಬಂದು, ಅವರು ಹೋದೊಡನೆ ಅದೂ ಹೋಗುತ್ತದೆ.

ಟೊರಾಂಟೊದ ಬಲಪರೀಕ್ಷೆಯನ್ನು ಇಲ್ಲಿ ಮತ್ತೆ ಮಾಡುತ್ತಾರೆ. ನನಗೆ ಹೆಚ್ಚು ನೋವಾದದ್ದು ಇದೇ ಜಾಗದಲ್ಲಿ. 1990ರಲ್ಲಿ ಆ ಪರೀಕ್ಷೆಗೆ ಒಂದು ಪ್ರಶ್ನೆಯ ಹುರುಪಿತ್ತು, ಯಾಕೆಂದರೆ ಇಬ್ಬರಲ್ಲಿ ಯಾರು ಮೇಲು ಎಂಬುದು ಯಾರಿಗೂ ಗೊತ್ತಿರಲಿಲ್ಲ. 1998ರಲ್ಲಿ ಉಳಿದಿರುವುದು ಭಂಗಿ ಮಾತ್ರ. ಎರಡೂ ದೃಶ್ಯಗಳನ್ನು ಪಕ್ಕಪಕ್ಕದ ಪರದೆಗಳಲ್ಲಿಟ್ಟು ನೋಡಿದೆ. ಕೈಗಳು ಅವೇ, ಮಂಡಿಯೂರುವುದೂ ಅದೇ. ಹಿಂದೆ ಕುಳಿತ ಜನರ ಮುಖಗಳು ಮಾತ್ರ ಬೇರೆ.

ಇನ್ನು ಬೆಂಕಿ. ಅದಕ್ಕೆ ಬಳಸುವುದು ಫ್ಲ್ಯಾಶ್ ಪೇಪರ್, ಅಂದರೆ ನೈಟ್ರೋಸೆಲ್ಯುಲೋಸ್‌ನಿಂದ ತಯಾರಾದ ಕಾಗದ. ಕಿಡಿ ತಾಗಿದ ಮರುಕ್ಷಣ ಪೂರ್ತಿ ಉರಿದುಹೋಗುತ್ತದೆ, ಹಿಡಿ ಬೂದಿಯೂ ಉಳಿಯುವುದಿಲ್ಲ. ಜಾದೂಗಾರರು ಇದನ್ನು ಮೆಚ್ಚುವುದು ಆ ಗುಣಕ್ಕೇ. ಕುಸ್ತಿಯಲ್ಲಿ ಅದನ್ನು ಅಂಗೈಯಲ್ಲಿ ಮುಚ್ಚಿಟ್ಟು, ರೆಫರಿಯ ಕಣ್ಣು ಬೇರೆಡೆ ಇರುವಾಗ ಹೊತ್ತಿಸಿ, ಹೊತ್ತಿದ ಅದೇ ಗಳಿಗೆಯಲ್ಲಿ ಮಣಿಕಟ್ಟು ಬೀಸಿ ಎಸೆಯಬೇಕು. ಎದುರಾಳಿ ಆಗಲೇ ಸರಿಯಾದ ದೂರದಲ್ಲಿ, ಸರಿಯಾದ ಕೋನದಲ್ಲಿ ನಿಂತಿರಬೇಕು. ಎರಡನೆಯ ಅವಕಾಶ ಎಂಬುದಿಲ್ಲ. ದೃಶ್ಯವನ್ನು ನಿಧಾನಗತಿಯಲ್ಲಿ ನೋಡಿದರೆ ಹೋಗನ್‌ನ ಬೆರಳುಗಳು ತಡಕಾಡುವುದು ಕಾಣುತ್ತದೆ. ಕಿಡಿ ಬೇಗ ಹತ್ತುವುದಿಲ್ಲ. ಹತ್ತಿದಾಗ ಕೈ ಇನ್ನೂ ಅವನ ಮುಖದ ಮುಂದೆಯೇ ಇದೆ. ಜ್ವಾಲೆ ನೇರ ಮೇಲಕ್ಕೆ ಹೋಗುತ್ತದೆ. ಈ ಹೊತ್ತಿನಲ್ಲಿ ವಾರಿಯರ್ ಏನನ್ನಾದರೂ ಮಾಡಬಹುದಿತ್ತು. ಕಣ್ಣು ಮುಚ್ಚಿ ಹಿಂದೆ ಸರಿದಿದ್ದರೂ ಸಾಕು, ಇಲ್ಲವೇ ಹೋಗನ್ ತಾನೇ ಸುಟ್ಟವನಂತೆ ಕುಸಿದಿದ್ದರೂ ಕಥೆಗೆ ಒಂದು ದಾರಿ ಸಿಗುತ್ತಿತ್ತು. ಮೋಸಗಾರ ತನ್ನ ಮೋಸಕ್ಕೆ ತಾನೇ ಬಲಿಯಾಗುವುದಕ್ಕಿಂತ ಹಳೆಯ, ಗಟ್ಟಿ ಕಥೆ ಯಾವುದಿದೆ? ಇಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ. ಏನೂ ನಡೆದಿಲ್ಲವೆಂಬಂತೆ ಮುಂದುವರಿದರು. ಹಾಗಾಗಿ ನನ್ನ ವಿಮರ್ಶೆಯಲ್ಲಿ ಬೆಂಕಿ ತಪ್ಪಿದ್ದಕ್ಕೆ ಒಂದೇ ಸಾಲು ಕೊಟ್ಟೆ, ಆಮೇಲಿನ ಆ ನಿರ್ಲಿಪ್ತತೆಗೆ ಇಡೀ ಪ್ಯಾರಾ ಕೊಟ್ಟೆ.

ಮುಕ್ತಾಯ ಅದಕ್ಕಿಂತ ಕೆಟ್ಟದ್ದು. ಹೋಗನ್‌ನ ಅಣ್ಣನ ಮಗ ಹೊರೇಸ್ ಕುರ್ಚಿ ಹಿಡಿದು ಬಂದು ವಾರಿಯರ್‌ಗೆ ಬಾರಿಸುತ್ತಾನೆ, ಹೋಗನ್ ಪಿನ್ ಮಾಡಿ, ಅಂದರೆ ಅವನ ಭುಜಗಳನ್ನು ಮೂರು ಎಣಿಸುವವರೆಗೆ ನೆಲಕ್ಕೊತ್ತಿ ಹಿಡಿದು, ಗೆಲ್ಲುತ್ತಾನೆ. ತಿಂಗಳುಗಟ್ಟಲೆ ಮಾಯಾವಿಯೆಂದು ಬೆಳೆಸಿದವನನ್ನು ಕೆಡವಲು ಒಂದು ಕುರ್ಚಿ ಸಾಕಾಯಿತು. 1990ರಲ್ಲಿ ಸೋತವನು ಎತ್ತರವಾಗಿ ಹೊರನಡೆದಿದ್ದ. ಇಲ್ಲಿ ಗೆದ್ದವನೂ ಬೆಳೆಯಲಿಲ್ಲ, ಸೋತವನೂ ಉಳಿಯಲಿಲ್ಲ.

ಹೋಗನ್ ತನ್ನ ಹಳೆಯ ಸೋಲಿನ ಲೆಕ್ಕ ತೀರಿಸಿಕೊಳ್ಳಲೆಂದೇ ಈ ಪಂದ್ಯ ಏರ್ಪಟ್ಟಿತು ಎಂಬ ಮಾತು ಬಹುಕಾಲದಿಂದ ಓಡಾಡುತ್ತಿದೆ. ವಾರಿಯರ್ ಕೂಡ ಹಾಗೆ ಹೇಳಿದ್ದುಂಟು, ಬಿಷಾಫ್ ಅಲ್ಲಗಳೆದದ್ದೂ ಉಂಟು. ನಾನು ಅದನ್ನು ವಿಮರ್ಶೆಯಿಂದ ಹೊರಗಿಟ್ಟೆ. ಮನಸ್ಸಿನಲ್ಲಿದ್ದದ್ದು ಪರದೆಯ ಮೇಲೆ ಕಾಣುವುದಿಲ್ಲ, ಕಾಣುವುದಕ್ಕೆ ಮಾತ್ರ ನಾನು ಅಂಕ ಕೊಡಬಲ್ಲೆ. ಇಬ್ಬರ ಮೈಕಟ್ಟಿನ ಬಗ್ಗೆ, ದಣಿವಿನ ಬಗ್ಗೆ ಗೇಲಿಯ ಮಾತುಗಳನ್ನೂ ಬರೆಯಲಿಲ್ಲ. ವಾರಿಯರ್ 2014ರ ಏಪ್ರಿಲ್‌ನಲ್ಲಿ, ಡಬ್ಲ್ಯುಡಬ್ಲ್ಯುಇ ಹಾಲ್ ಆಫ್ ಫೇಮ್ ಗೌರವ ಪಡೆದ ಕೆಲವೇ ದಿನಗಳಲ್ಲಿ ತೀರಿಕೊಂಡ. ಹೋಗನ್ 2025ರ ಜುಲೈನಲ್ಲಿ. ತಮ್ಮ ದೇಹವನ್ನೇ ಸಾಮಗ್ರಿಯಾಗಿಸಿ ದುಡಿದವರ ಕೆಲಸವನ್ನು ಕಟುವಾಗಿ ತೂಗಬಹುದು. ದೇಹವನ್ನೇ ಅಣಕಿಸುವುದು ವಿಮರ್ಶೆಯಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಂಕ ಹಾಕುವ ಮುನ್ನ ಅದೇ ರಾತ್ರಿಯ ಮುಂದಿನ ಪಂದ್ಯವನ್ನೂ ನೋಡಿದೆ: ಗೋಲ್ಡ್‌ಬರ್ಗ್ ಮತ್ತು ಡೈಮಂಡ್ ಡಲ್ಲಾಸ್ ಪೇಜ್. ಗೋಲ್ಡ್‌ಬರ್ಗ್ ಆಗಿನ್ನೂ ಹೊಸಬ, ಬತ್ತಳಿಕೆಯಲ್ಲಿದ್ದದ್ದು ಬೆರಳೆಣಿಕೆಯ ಪಟ್ಟುಗಳು. ಪೇಜ್ ಪ್ರತಿ ಹೆಜ್ಜೆಯನ್ನೂ ಮೊದಲೇ ಯೋಜಿಸುವುದಕ್ಕೆ ಹೆಸರಾದವನು. ಹತ್ತು ನಿಮಿಷದ ಆಸುಪಾಸಿನ ಆ ಪಂದ್ಯದಲ್ಲಿ ಗೋಲ್ಡ್‌ಬರ್ಗ್‌ನ ಭುಜ ಕಂಬಕ್ಕೆ ಬಡಿಯುತ್ತದೆ. ಅಲ್ಲಿಂದ ಅವನು ಎದುರಾಳಿಯನ್ನು ಎತ್ತಬಲ್ಲನೇ ಎಂಬುದೇ ಪ್ರಶ್ನೆಯಾಗುತ್ತದೆ, ಎದುರಾಳಿಯನ್ನು ಎತ್ತಿ ಕೆಡವುವ ಅವನ ಕೊನೆಯ ಪಟ್ಟು ಜ್ಯಾಕ್‌ಹ್ಯಾಮರ್ ಆ ಪ್ರಶ್ನೆಗೆ ಉತ್ತರವಾಗುತ್ತದೆ. ರಿಂಗ್ ಅದೇ, ಜನ ಅವರೇ, ಕೆಲವು ನಿಮಿಷಗಳ ಅಂತರ ಅಷ್ಟೇ. ಜನರಿಗೆ ದಣಿವಾಗಿತ್ತು ಎಂಬ ಸಮಜಾಯಿಷಿ ಇಲ್ಲಿಗೆ ನಿಂತುಹೋಯಿತು.

ಹಣ ಕೊಟ್ಟು ಮನೆಯಲ್ಲಿ ನೋಡುತ್ತಿದ್ದ ಅನೇಕರಿಗೆ ಗೋಲ್ಡ್‌ಬರ್ಗ್–ಪೇಜ್ ಪಂದ್ಯ ಕಾಣಲೇ ಇಲ್ಲ. ಕಾರ್ಯಕ್ರಮ ನಿಗದಿತ ಸಮಯ ಮೀರಿದ್ದರಿಂದ ಹಲವು ಕಡೆ ಪ್ರಸಾರ ನಡುವೆಯೇ ಕಡಿದುಹೋಯಿತು. ಸಂಸ್ಥೆ ಮರುದಿನದ ನೈಟ್ರೊದಲ್ಲಿ ಅದನ್ನು ಉಚಿತವಾಗಿ ತೋರಿಸಬೇಕಾಯಿತು. ತಡವಾದದ್ದಕ್ಕೆ ಹೋಗನ್–ವಾರಿಯರ್ ಪಂದ್ಯವೊಂದೇ ಹೊಣೆಯಲ್ಲ, ಇಡೀ ರಾತ್ರಿ ಎಳೆದಾಡಿತ್ತು. ಆದರೂ ಪ್ರಸಾರ ನಿಲ್ಲುವ ಮುನ್ನ ಆ ವೀಕ್ಷಕರು ಪೂರ್ತಿಯಾಗಿ ಕಂಡ ಕೊನೆಯ ಪಂದ್ಯ ಹೋಗನ್–ವಾರಿಯರ್‌ರದೇ. ರೆಸಲಿಂಗ್ ಅಬ್ಸರ್ವರ್ ಪತ್ರಿಕೆಯ ಆ ವರ್ಷದ ಅತಿ ಕೆಟ್ಟ ಪಂದ್ಯವೆಂಬ ಪಟ್ಟವೂ ಇದಕ್ಕೇ ಹೋಯಿತು. ನಾನು ಸೊನ್ನೆಗಿಂತ ಕೆಳಗಿನ ಅಂಕಗಳನ್ನು ಕೊಡುವವನಲ್ಲ. ಸೊನ್ನೆ ಬರೆದೆ, ಅದರ ಕೆಳಗೆ ಕಾರಣಗಳನ್ನು ನನಗೆ ಕಂಡ ಕ್ರಮದಲ್ಲೇ ಬರೆದೆ: ಮೊದಲು ಕನ್ನಡಿ, ಆಮೇಲೆ ಗುಪ್ತ ಬಾಗಿಲು, ಪಾದಗಳು, ಬಲಪರೀಕ್ಷೆ, ಕುರ್ಚಿ, ಕೊಟ್ಟ ಕೊನೆಗೆ ಬೆಂಕಿ.