ಫಿಲಿಪ್ಪೀನ್ಸ್‌ಗೆ ಹೊರಟ ಮಿಷನರಿಗೆ: ಶೂ, ಅಂಗಿ, ನೀರು, ಸಾರು

ಜನ ಮಾರ್ಮನ್ ಎಂದು ಕರೆಯುವ ಲ್ಯಾಟರ್-ಡೇ ಸೇಂಟ್ಸ್ ಎಂಬ ಕ್ರೈಸ್ತ ಸಭೆಯಲ್ಲಿ ಹುಡುಗರ ಮಿಷನರಿ ಸೇವೆ 24 ತಿಂಗಳು, ಹುಡುಗಿಯರದು 18 ತಿಂಗಳು. ಯಾವ ದೇಶ ಎಂಬುದನ್ನು ಸಭೆಯೇ ನಿರ್ಧರಿಸುತ್ತದೆ. ಫಿಲಿಪ್ಪೀನ್ಸ್ ಎಂದು ಪತ್ರ ಬಂದರೆ, ಬೋಧನೆಯ ತಯಾರಿಯ ಜೊತೆಗೆ ಕಾಲು ಮತ್ತು ಹೊಟ್ಟೆಯ ತಯಾರಿಯೂ ಆಗಬೇಕು. ಮೊದಲ ಕೆಲವು ವಾರಗಳಲ್ಲಿ ಕೈಕೊಡುವುದು ಇವೆರಡೇ.

ಬೆಳಗ್ಗೆ 6:30ಕ್ಕೆ ಏಳಬೇಕು, ರಾತ್ರಿ 10:30ಕ್ಕೆ ದೀಪ ಆರಿಸಬೇಕು. ನಡುವೆ ವ್ಯಾಯಾಮ, ಗ್ರಂಥ ಮತ್ತು ಭಾಷೆಯ ಅಭ್ಯಾಸ, ಆಮೇಲೆ ದಿನವಿಡೀ ಓಡಾಟ. ಊರಿಗೆ ತಕ್ಕಂತೆ ಈ ವೇಳೆ ಸ್ವಲ್ಪ ಹಿಂದುಮುಂದಾಗುತ್ತದೆ. ಒಬ್ಬರೇ ಎಲ್ಲಿಗೂ ಹೋಗುವಂತಿಲ್ಲ, ಜೊತೆಗೆ ಕಂಪ್ಯಾನಿಯನ್ ಇರಲೇಬೇಕು. ಯಾರು ಜೊತೆಗಾರ ಎಂಬುದು ನಿಮ್ಮ ಆಯ್ಕೆಯಲ್ಲ, ಆದ್ದರಿಂದ ಮೊದಲ ಸಂಜೆಯೇ ಕೂತು ಅಡುಗೆ ಯಾರದು, ಪಾತ್ರೆ ಯಾರದು, ಕಕ್ಕಸು ತೊಳೆಯುವವರು ಯಾರು ಎಂದು ಮಾತಾಡಿಕೊಳ್ಳಿ. ಇಬ್ಬರ ನಡುವೆ ಮನಸ್ತಾಪ ಹುಟ್ಟುವುದು ಸಿದ್ಧಾಂತದಿಂದಲ್ಲ, ಸಿಂಕಿನಲ್ಲಿ ಉಳಿದ ತಟ್ಟೆಯಿಂದ.

ಶೂ ಎರಡು ಜೊತೆ ಬೇಕು, ದಿನ ಬಿಟ್ಟು ದಿನ ಬದಲಿಸಿ ಹಾಕಬೇಕು. ಬೆವರಿನಿಂದ ಒದ್ದೆಯಾದ ಶೂ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ, ಅದನ್ನೇ ಮತ್ತೆ ಹಾಕಿದರೆ ಬೆರಳಸಂದಿ ಕೊಳೆಯುತ್ತದೆ. ಮಳೆಗೆ ನೆಂದರೆ ಒಳಗೆ ಹಳೆಯ ಪತ್ರಿಕೆ ತುರುಕಿ, ಎರಡು ತಾಸಿಗೊಮ್ಮೆ ಕಾಗದ ಬದಲಿಸಿ. ಬಿಸಿಲಿಗಿಟ್ಟರೆ ಚರ್ಮ ಸೀಳುತ್ತದೆ.

ಬಿಳಿ ಅಂಗಿಯ ಕಾಲರ್ ಹಳದಿಯಾದರೆ ಬ್ಲೀಚ್ ಸುರಿಯಬೇಡಿ. ಬೆವರಿನ ಕಲೆ ಕ್ಲೋರಿನ್ ತಾಗಿದರೆ ಇನ್ನಷ್ಟು ಹಳದಿಯಾಗುತ್ತದೆ. ಬಾರ್ ಸೋಪು ಉಜ್ಜಿ, ಅರ್ಧ ತಾಸು ನೆನೆಸಿ, ಮೆತ್ತನೆ ಬ್ರಷ್ಷಿನಿಂದ ತಿಕ್ಕಿದರೆ ಸಾಕು.

ನೀರು ಕುದಿಸುವುದಾದರೆ ಗುಳ್ಳೆ ಕೊತಕೊತ ಎದ್ದ ಮೇಲೆ ಒಂದು ನಿಮಿಷ ಬಿಡಿ. ಗ್ಯಾಸ್ ಇಲ್ಲದ ದಿನ ಸುವಾಸನೆಯಿಲ್ಲದ 5-6 ಪ್ರತಿಶತದ ಬ್ಲೀಚ್ ಲೀಟರಿಗೆ 2 ಹನಿ ಹಾಕಿ, ಕಲಕಿ, 30 ನಿಮಿಷ ಕಾಯಿರಿ. ಭೇದಿ ಹಿಡಿದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಕೈಯಳತೆಯಲ್ಲಿ ಹಾಕಬೇಡಿ, ಹೆಚ್ಚಾದರೆ ಅದೇ ಅಪಾಯ.

ಊಟದ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅದೃಷ್ಟವಿದೆ. ಅಲ್ಲಿನ ಸಂತೆಯ ಮುಂಗ್ಗೊ ನಮ್ಮ ಹೆಸರುಕಾಳು, ಮಲುಂಗ್ಗಾಯ್ ನಮ್ಮ ನುಗ್ಗೆಸೊಪ್ಪು, ಸಂಪಾಲೊಕ್ ಹುಣಸೆ. ಹೆಸರುಕಾಳು, ನುಗ್ಗೆಸೊಪ್ಪು ಎರಡನ್ನೂ ಸೇರಿಸಿ ಬೇಯಿಸುವ ರೂಢಿ ಅವರಿಗೂ ಇದೆ. ಇಬ್ಬರಿಗೆ ಒಂದು ಲೋಟ ಕಾಳು, ನಾಲ್ಕು ಲೋಟ ನೀರು. ಕುಕ್ಕರಿಲ್ಲದಿದ್ದರೆ ಮುಕ್ಕಾಲು ತಾಸು ಬೇಯಿಸಿ. ನೆನೆಹಾಕುವುದಿದ್ದರೆ ರಾತ್ರಿ ಹಾಕಿ. ಬೆಳಗ್ಗೆ ನೆನೆಹಾಕಿ ಹೊರಟರೆ ಆ ಸೆಖೆಗೆ ಸಂಜೆಯೊಳಗೆ ಹುಳಿವಾಸನೆ ಹಿಡಿಯುತ್ತದೆ. ಸೊಪ್ಪು ಕೊನೆಯ ಎರಡು ನಿಮಿಷಕ್ಕೆ ಸಾಕು. ಸಾಸಿವೆ, ಕರಿಬೇವು ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ. ಸಾರಿನಪುಡಿ ಕಾಲು ಕಿಲೋ ಮನೆಯಿಂದಲೇ ಒಯ್ಯಿರಿ. ಸಸ್ಯಾಹಾರಿಗಳು 'ಮಾಂಸ ಇದೆಯಾ' ಎಂದಷ್ಟೇ ಕೇಳಿದರೆ ಸಾಲದು. ತರಕಾರಿ ಪಲ್ಯಕ್ಕೂ ಬಗೊಒಂಗ್ ಎಂಬ ಮೀನು ಅಥವಾ ಸೀಗಡಿಯ ಹಿಂಡಿ ಬೀಳುತ್ತದೆ, ಅದನ್ನು ಯಾರೂ ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಸರು ಹಿಡಿದೇ ಕೇಳಿ. ಕಾಫಿ, ಟೀ ಸಭೆಯ ನಿಯಮದಲ್ಲಿ ವರ್ಜ್ಯ. ನೀವು ಹೋದ ಮನೆಯವರು ಕಾಫಿ ಪೊಟ್ಟಣ ಕತ್ತರಿಸುವ ಮೊದಲೇ ನೀರು ಸಾಕೆಂದು ಹೇಳಿಬಿಡಿ. ಕಲೆಸಿದ ಮೇಲೆ ಬೇಡವೆಂದರೆ ಅವರಿಗೆ ಮುಜುಗರ.

ಟಗಾಲೊಗ್ ಭಾಷೆಯ ಊರುಗಳಲ್ಲಿ ಗೇಟಿನ ಮುಂದೆ ನಿಂತು ಬಾಗಿಲು ಬಡಿಯುವುದಿಲ್ಲ, "ತಾವೊ ಪೋ!" ಎಂದು ಕೂಗುತ್ತಾರೆ. 'ಪೋ' ನಮ್ಮ 'ರೀ' ಇದ್ದ ಹಾಗೆ, ಹಿರಿಯರ ಜೊತೆ ಅದು ತಪ್ಪಿದರೆ ವ್ಯಾಕರಣ ಎಷ್ಟು ಸರಿಯಿದ್ದರೂ ಮಾತು ಒರಟು. ಅಜ್ಜ-ಅಜ್ಜಿಯರ ಕೈ ಹಿಡಿದು ಹಣೆಗೊತ್ತಿಕೊಳ್ಳುವುದು ಅಲ್ಲಿಯ ನಮಸ್ಕಾರ, "ಮಾನೊ ಪೋ" ಎನ್ನಿ. ಜೀಪ್ನಿ ಎಂಬ ಅಲ್ಲಿಯ ಸಣ್ಣ ಬಸ್ಸಿನಲ್ಲಿ ಕಂಡಕ್ಟರ್ ಇರುವುದು ಅಪರೂಪ. "ಬಾಯಡ್ ಪೋ" ಎಂದು ಹಣ ಪಕ್ಕದವರಿಗೆ ಕೊಟ್ಟರೆ ಕೈಯಿಂದ ಕೈಗೆ ಡ್ರೈವರ್‌ಗೆ ಮುಟ್ಟುತ್ತದೆ. ಇಳಿಯಬೇಕಾದಾಗ "ಪಾರಾ ಪೋ!" ಎಂದು ಜೋರಾಗಿ ಹೇಳಿ, ಮೆಲ್ಲಗೆ ಹೇಳಿದರೆ ಮುಂದಿನ ಬೀದಿಯೇ ಗತಿ.

ಮಳೆಗಾಲದಲ್ಲಿ ನಿಂತ ನೀರಿಗೆ ಬರಿಗಾಲಿಡಬೇಡಿ. ಇಲಿಯ ಮೂತ್ರ ಬೆರೆತ ನೀರು ಗಾಯದ ಮೂಲಕ ಒಳಹೊಕ್ಕರೆ ಇಲಿಜ್ವರ ಬರುತ್ತದೆ. ಅನಿವಾರ್ಯವಾಗಿ ದಾಟಿದ್ದರೆ ಸೋಪಿನಲ್ಲಿ ಕಾಲು ತೊಳೆದು ಅದೇ ದಿನ ಮಿಷನ್ ಕಚೇರಿಗೆ ತಿಳಿಸಿ, ಮುನ್ನೆಚ್ಚರಿಕೆಯ ಮಾತ್ರೆ ಬೇಕೇ ಎಂದು ವೈದ್ಯರು ಹೇಳುತ್ತಾರೆ. ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಹಾಗಾಗಿ ರಾತ್ರಿಯ ಪರದೆಯೊಂದೇ ಸಾಲದು. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ತೆಗೆದುಕೊಂಡರೆ ಡೆಂಗಿಯಲ್ಲಿ ರಕ್ತಸ್ರಾವದ ಭಯ.

ವಾರಕ್ಕೊಂದು ಪಿ-ಡೇ (ಪ್ರಿಪರೇಷನ್ ಡೇ, ಸ್ವಂತ ಕೆಲಸಗಳ ದಿನ) ಇರುತ್ತದೆ, ಸಾಮಾನ್ಯವಾಗಿ ಸೋಮವಾರ. ಬಟ್ಟೆ, ಸಂತೆ, ಕ್ಷೌರ, ಮನೆಗೆ ಫೋನು ಎಲ್ಲ ಅಂದೇ. 2019ರ ಫೆಬ್ರವರಿಗೆ ಮೊದಲು ವರ್ಷಕ್ಕೆರಡೇ ಕರೆ ಇದ್ದವು, ಈಗ ವಾರಕ್ಕೊಮ್ಮೆ ಮಾಡಬಹುದು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದು. ಬೆಳಗ್ಗೆ 10ಕ್ಕೆ ಕರೆ ಮಾಡಿದರೆ ಇಲ್ಲಿ 7:30, ಅಮ್ಮ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿರುತ್ತಾರೆ. ಮೊದಲು ಬಟ್ಟೆ ಒಗೆದು ಬಿಸಿಲಿಗೆ ಹರವಿ, ಸಂತೆ ಮುಗಿಸಿ, ಮಧ್ಯಾಹ್ನ ಒಂದರ ಮೇಲೆ ಮಾಡಿ.