ರಬ್ಬರ್ ಹುಳಕ್ಕೆ ತಕ್ಕ ಗಾಳ: ಬಾಸ್ ಹಿಡಿಯುವಾಗ ನಾನು ಆರಿಸುವ ಬಗೆ

ರಬ್ಬರ್ ಹುಳದ (ಮೀನಿಗೆ ಒಡ್ಡುವ ಮೆತ್ತನೆಯ ಪ್ಲಾಸ್ಟಿಕ್ ಹುಳದ) ಹೊಸ ಪೊಟ್ಟಣ ಒಡೆದಾಗ ನಾನು ಮೊದಲು ಮಾಡುವ ಕೆಲಸ, ಒಂದು ಹುಳ ತೆಗೆದು ಎರಡು ಬೆರಳ ನಡುವೆ ಹಿಚುಕಿ ನೋಡುವುದು. ಮೈ ಎಷ್ಟು ದಪ್ಪ, ಎಷ್ಟು ಮೆತ್ತಗೆ, ಒತ್ತಿದರೆ ಎಷ್ಟು ಚಪ್ಪಟೆಯಾಗುತ್ತದೆ? ಇಷ್ಟು ಗೊತ್ತಾದರೆ ಯಾವ ಗಾಳ ಎನ್ನುವುದು ಮುಕ್ಕಾಲು ಪಾಲು ತೀರ್ಮಾನವಾದಂತೆಯೇ. ಬಾಸ್ ಎಂಬ ಸಿಹಿನೀರಿನ ಮೀನು ಹಿಡಿಯುವವರು ಹುಳದ ಬಣ್ಣದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಗಾಳದ ವಿಚಾರ ಬಂದರೆ ಅಂಗಡಿಯಲ್ಲಿ ಕೈಗೆ ಸಿಕ್ಕ 3/0 ಅಳತೆಯ ಗಾಳ ಎತ್ತಿಕೊಂಡು ಬರುತ್ತಾರೆ. ನನಗೆ ಈ ಲೆಕ್ಕ ತಲೆಕೆಳಗಾಗಿ ಕಾಣುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ. ಮನೆಗೆ ಹತ್ತಿರದ ರೇ ರಾಬರ್ಟ್ಸ್ ಜಲಾಶಯಕ್ಕೆ, ಬಿಡುವಾದರೆ ಪೂರ್ವಕ್ಕಿರುವ ಲೇಕ್ ಫೋರ್ಕ್‌ಗೆ ಹೋಗುತ್ತೇನೆ. ಹುಟ್ಟಿದ್ದು ಮಲೆನಾಡಿನಲ್ಲಿ. ಅಲ್ಲಿ ನಮ್ಮ ಸಾಮಗ್ರಿ ಎಂದರೆ ಒಂದು ಬಿದಿರು ಕೋಲು, ತಂಗೂಸಿ ದಾರ, ಬೆಂಡು, ಚಿಕ್ಕ ಗಾಳ, ಗೊಬ್ಬರಗುಂಡಿಯ ಪಕ್ಕ ಅಗೆದ ಎರೆಹುಳ. ಜೀವಂತ ಎರೆಹುಳ ಮೀನಿಗೆ ನಿಜವಾದ ಊಟ. ಬಾಯಿಗೆ ಬಂದದ್ದನ್ನು ಬಿಡುವುದಿಲ್ಲ, ಬೆಂಡು ಮುಳುಗಿದ ಮೇಲೆ ಎಳೆದರೂ ಸಿಗುತ್ತದೆ. ಲಾರ್ಜ್‌ಮೌತ್ ಬಾಸ್ ಜೊತೆ ರಬ್ಬರ್ ಹುಳದ ಆಟ ಬೇರೆ. ಅದು ಬಾಯಿ, ಕಿವಿರು ಎರಡನ್ನೂ ಒಮ್ಮೆಗೇ ಅಗಲಿಸಿ ನೀರಿನ ಸಮೇತ ಹುಳವನ್ನು ಒಳಗೆ ಎಳೆದುಕೊಳ್ಳುತ್ತದೆ. ಸರಿಯಿಲ್ಲ ಎನಿಸಿದರೆ ಅಷ್ಟೇ ವೇಗವಾಗಿ ಉಗುಳಿಬಿಡುತ್ತದೆ. ಆ ನಡುವಿನ ಗಳಿಗೆಯಲ್ಲಿ ಗಾಳ ತನ್ನ ಕೆಲಸ ಮುಗಿಸಬೇಕು.

ಆ ಕೆಲಸ ಸುಲಭದ್ದಲ್ಲ. ನೀರಿನಡಿಯ ಮರದ ಕೊಂಬೆಗೂ ಹೈಡ್ರಿಲಾ ಕಳೆಗೂ ಸಿಕ್ಕಿಕೊಳ್ಳಬಾರದೆಂದು ಗಾಳದ ಮೊನೆಯನ್ನು ನಾವೇ ಹುಳದ ಮೈಯೊಳಗೆ ಅಡಗಿಸಿಟ್ಟಿರುತ್ತೇವೆ. ಹುಳವನ್ನು ಗಾಳಕ್ಕೆ ಹೀಗೆ ಸಿಗಿಸುವ ಬಗೆಯೇ ಟೆಕ್ಸಸ್ ರಿಗ್. ಒಹಾಯೋದ ಅಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬವರು 1949ರಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಹುಳ ಅಚ್ಚು ಹೊಯ್ದರು. ಆಮೇಲೆ ಅವರ ಕಂಪನಿ ಟೆಕ್ಸಸ್‌ನ ಟೈಲರ್ ಊರಿಗೆ ಬಂತು. ಮರಗಳು ಮುಳುಗಿ ನಿಂತ ಈ ಕಡೆಯ ಜಲಾಶಯಗಳಲ್ಲಿ ಮೊನೆ ಹೊರಗಿದ್ದರೆ ಎರಡನೇ ಎಸೆತಕ್ಕೇ ದಾರ ಕಡಿಯಬೇಕು, ಹಾಗಾಗಿ ಮೊನೆಯನ್ನು ಒಳಗೆ ಸೇರಿಸುವ ಪದ್ಧತಿ ಇಲ್ಲಿ ಬೇರೂರಿತು. ಮೀನು ಕಚ್ಚಿದಾಗ ರಾಡ್ (ಗಾಳದ ಕೋಲು) ಜಗ್ಗಿದರೆ ಮೊದಲು ಪ್ಲಾಸ್ಟಿಕ್ ಮುದುಡಬೇಕು, ಮೊನೆ ಅದನ್ನು ಸೀಳಿ ಹೊರಬರಬೇಕು, ಆಮೇಲೆ ದವಡೆಯನ್ನು ಚುಚ್ಚಿ, ಮೊನೆಯ ಹಿಂದಿರುವ ಹಿಮ್ಮುಖ ಮುಳ್ಳು ದಾಟುವವರೆಗೆ ಒಳಗೆ ಇಳಿಯಬೇಕು. ಒಂದೇ ಜಗ್ಗಿಗೆ ಮೂರು ಕೆಲಸ.

ಹಾಗಾಗಿ ಗಾಳದ ಬಾಯಿ ಎಷ್ಟು ಅಗಲ ಎನ್ನುವುದೇ ನನ್ನ ಮೊದಲ ಪ್ರಶ್ನೆ. ಬಾಯಿ ಎಂದರೆ ಮೊನೆಗೂ ಎದುರಿನ ಕಾಲಿಗೂ (ಗಾಳದ ಉದ್ದನೆಯ ನೇರ ಭಾಗಕ್ಕೂ) ನಡುವಿನ ಜಾಗ. ಹುಳದ ಮೈ ಆ ಜಾಗದ ಅರ್ಧದಷ್ಟನ್ನು ತುಂಬಿದರೆ ಒಳ್ಳೆಯದು. ಪೂರ್ತಿ ತುಂಬಿಬಿಟ್ಟರೆ ಮುದುಡಲು ಪ್ಲಾಸ್ಟಿಕ್‌ಗೆ ಎಡೆಯೇ ಇರುವುದಿಲ್ಲ, ಮೊನೆ ರಬ್ಬರನ್ನೇ ಚುಚ್ಚಿಕೊಂಡು ನಿಂತಿರುತ್ತದೆ, ಮೀನು ಬಾಯಿ ತೆರೆದು ಹೊರಟುಹೋಗುತ್ತದೆ. ಜಗ್ಗಿದ ಕೂಡಲೇ ಭಾರ ಸಿಕ್ಕಿ, ಎರಡು ಕ್ಷಣದಲ್ಲಿ ದಾರ ಸಡಿಲವಾಗಿ, ಹುಳ ಗುಡ್ಡೆಯಾಗಿ ವಾಪಸು ಬಂದರೆ ನಾನು ಮೊದಲು ಅನುಮಾನಪಡುವುದು ಗಾಳದ ಬಾಯಿಯನ್ನೇ.

ಸಂಖ್ಯೆಯ ವಿಚಾರ ಹೊಸಬರನ್ನು ಗೊಂದಲಕ್ಕೆ ಬೀಳಿಸುತ್ತದೆ, ಆದರೆ ಒಂದೇ ಸಾಲಿನಲ್ಲಿ ಹೇಳಬಹುದು. 6, 4, 2, 1 ಎಂದು ಅಂಕಿ ಇಳಿದಂತೆ ಗಾಳ ದೊಡ್ಡದಾಗುತ್ತದೆ. 1ರ ನಂತರ 1/0, 2/0, 3/0 ಎಂದು ಏರುತ್ತಾ ದೊಡ್ಡದಾಗುತ್ತದೆ. ಒಂದು ಕಂಪನಿಯ 3/0 ಇನ್ನೊಂದು ಕಂಪನಿಯ 3/0ಗೆ ಸರಿಸಮ ಇರುವುದಿಲ್ಲ. ಆದ್ದರಿಂದ ಅಂಕಿಯನ್ನು ನಂಬುವುದಕ್ಕಿಂತ ಪೊಟ್ಟಣದ ಮೇಲೆಯೇ ಹುಳವನ್ನಿಟ್ಟು ಅಳೆದು ನೋಡಿ. ಗಾಳದ ಕಣ್ಣು (ದಾರ ಕಟ್ಟುವ ತೂತು) ಹುಳದ ಮೂಗಿಗೆ ಬಂದಾಗ ಬಾಗು ಹುಳದ ಉದ್ದದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಬಹಳ ಹಿಂದೆ ಹೋದರೆ ಹುಳದ ಬಾಲ ಸತ್ತುಹೋಗುತ್ತದೆ, ಬಹಳ ಮುಂದಿದ್ದರೆ ಮೀನು ಬಾಲವನ್ನಷ್ಟೇ ಹಿಡಿದು ಆಟವಾಡುತ್ತದೆ.

ಆಕಾರದಲ್ಲಿ ನಾನು ನಿತ್ಯ ಬಳಸುವುದು ಮೂರು. ಕಣ್ಣಿನ ಕೆಳಗೆ ಮೆಟ್ಟಿಲಿನಂತೆ ತಿರುವಿರುವ ಆಫ್‌ಸೆಟ್ ಗಾಳ ಮೊದಲನೆಯದು. ಆ ತಿರುವನ್ನು ನಾನು ಹೆಗಲು ಎನ್ನುತ್ತೇನೆ, ಹುಳದ ಮೂಗು ಅದರ ಮೇಲೆ ಕುಳಿತು ಕೆಳಗೆ ಜಾರದೆ ನಿಲ್ಲುತ್ತದೆ. ಬಾಗು ದುಂಡಗೆ, ಬಾಯಿ ಸಾಧಾರಣ. ಸಪೂರ ಹುಳಗಳಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಎರಡನೆಯದು ಇ.ಡಬ್ಲ್ಯೂ.ಜಿ. (ಎಕ್ಸ್‌ಟ್ರಾ ವೈಡ್ ಗ್ಯಾಪ್), ಹೊಟ್ಟೆ ಅಗಲಿಸಿದ ಗಾಳ. ಇದರ ಮೊನೆ ಹೆಚ್ಚುಕಡಿಮೆ ಕಣ್ಣಿನ ನೇರಕ್ಕೇ ಬರುತ್ತದೆ. ದಪ್ಪ ಮೈಯ ಪ್ಲಾಸ್ಟಿಕ್ ಮುದುಡಲು ಆ ಹೊಟ್ಟೆಯಲ್ಲಿ ಬೇಕಾದಷ್ಟು ಜಾಗ. ಪೊಳ್ಳು ಮೈಯ ಟ್ಯೂಬ್, ಸೀಗಡಿಯಾಕಾರದ ದಪ್ಪ ಬೇಟ್ (ಕೃತಕ ಎರೆ), ಚಿಕ್ಕ ಮೀನಿನಾಕಾರದ ಫ್ಲೂಕ್ ಇವಕ್ಕೆಲ್ಲ ಇದೇ. ಆದರೆ ಇದನ್ನು ಎಲ್ಲದಕ್ಕೂ ಹಾಕುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಸಪೂರ ಹುಳಕ್ಕೆ ಹಾಕಿದರೆ ಗಾಳದ ಹೊಟ್ಟೆ ಕೆಳಗೆ ಜೋತುಬಿದ್ದು ಹುಳದ ತೇಲಾಟವನ್ನೇ ಕೆಡಿಸುತ್ತದೆ. ಮೂರನೆಯದು ನೇರ ಕಾಲಿನ ಗಾಳ, ಹೆಗಲಿಲ್ಲದ್ದು. ಅದರ ಕಥೆ ಮುಂದೆ.

ಬಾಯಿಯ ಅಗಲ ಹುಳಕ್ಕೆ ಹೊಂದಬೇಕು, ಸರಿ. ಕಂಬಿಯ ದಪ್ಪ ಹೊಂದಬೇಕಾದದ್ದು ಹುಳಕ್ಕಲ್ಲ, ನಿಮ್ಮ ರಾಡ್ ಮತ್ತು ದಾರಕ್ಕೆ. ಇದನ್ನು ಹೇಳಿಕೊಡುವವರು ಕಡಿಮೆ. ದಪ್ಪ ಕಂಬಿ ದವಡೆಯೊಳಗೆ ಇಳಿಯಲು ಬಲ ಬೇಕು. ಮೆದು ರಾಡ್, 8 ಪೌಂಡ್ ಭಾರ ತಾಳುವ ದಾರ ಹಿಡಿದು ಅಷ್ಟು ಬಲ ಹಾಕಲಾಗುವುದಿಲ್ಲ, ರಾಡ್ ಬಾಗುತ್ತದೆ, ಗಾಳ ಮುಳ್ಳಿನವರೆಗೂ ಹೋಗುವುದಿಲ್ಲ. ಉಲ್ಟಾ ಕೂಡ ಅಷ್ಟೇ ನಿಜ. 50 ಪೌಂಡ್ ಹೆಣೆದ ದಾರಕ್ಕೆ ಹಿಗ್ಗೇ ಇಲ್ಲ, ಬಿರುಸಾದ ರಾಡ್‌ನಿಂದ ಜಗ್ಗಿದರೆ ಸಣ್ಣ ಕಂಬಿಯ ಗಾಳ ನೇರವಾಗಿ ಬಿಚ್ಚಿಕೊಳ್ಳುತ್ತದೆ. ನನ್ನ ಪೆಟ್ಟಿಗೆಯಲ್ಲಿ ಗಾಳಗಳನ್ನು ವಿಂಗಡಿಸಿರುವುದೂ ಹೀಗೇ. ಒಂದು ಕಡೆ ಹಗುರ ದಾರದ ಸ್ಪಿನ್ನಿಂಗ್ ರಾಡ್‌ಗೆ ಸಣ್ಣ ಕಂಬಿಯವು, ಇನ್ನೊಂದು ಕಡೆ 15 ಪೌಂಡ್ ಫ್ಲೋರೊಕಾರ್ಬನ್ ದಾರಕ್ಕೆ ಮಧ್ಯಮದವು, ಮೂರನೇ ಮನೆಯಲ್ಲಿ ಹೆಣೆದ ದಾರಕ್ಕೆ ದಪ್ಪನೆಯವು. ಅಳತೆ ಆಮೇಲಿನ ಮಾತು.

ಈಗ ಒಂದೊಂದಾಗಿ ಹೇಳುತ್ತೇನೆ. 5 ಇಂಚಿನ ಸೆಂಕೊ, ಬೇಟ್ ತಯಾರಕ ಗ್ಯಾರಿ ಯಮಾಮೊಟೊ ಅವರ ಕೊಡುಗೆ. ಕಡ್ಡಿಯಂಥ ಹುಳ, ಮೈತುಂಬ ಉಪ್ಪು, ತನ್ನ ಭಾರಕ್ಕೇ ಮೈ ನಡುಗಿಸುತ್ತಾ ಮುಳುಗುತ್ತದೆ. ಟೆಕ್ಸಸ್ ರಿಗ್‌ನಲ್ಲಿ ಭಾರದ ಗುಂಡು ಹಾಕದೆ ಬಿಡುವಾಗ 3/0 ಇ.ಡಬ್ಲ್ಯೂ.ಜಿ. ಅಥವಾ 4/0 ಆಫ್‌ಸೆಟ್. ಇಲ್ಲಿ ಗಾಳದ ತೂಕವೂ ಲೆಕ್ಕಕ್ಕೆ ಬರುತ್ತದೆ. ದಪ್ಪ ಕಂಬಿ ಹಾಕಿದರೆ ತಲೆ ಕೆಳಗಾಗಿ ದಬಕ್ಕನೆ ಇಳಿಯುತ್ತದೆ, ಆ ನಡುಕ ಹೋಗಿಬಿಡುತ್ತದೆ. ಅದೇ ಸೆಂಕೊವನ್ನು ನಡುಮಧ್ಯೆ ಚುಚ್ಚಿ ಬಿಡುವ ವ್ಯಾಕಿ ರಿಗ್‌ಗೆ 1 ಅಥವಾ 1/0 ಅಳತೆಯ ಚಿಕ್ಕ, ದುಂಡನೆಯ ಗಾಳ ಸಾಕು. ಮೊನೆ ಹೊರಗೇ ಇರುವುದರಿಂದ ಜೋರಾಗಿ ಜಗ್ಗುವ ಅಗತ್ಯವಿಲ್ಲ, ದಾರ ಸುತ್ತಿಕೊಳ್ಳುತ್ತಾ ರಾಡ್ ಎತ್ತಿದರೆ ದವಡೆಯ ಮೂಲೆಯಲ್ಲಿ ಕೂರುತ್ತದೆ. ಹುಳದ ನಡುವಿಗೊಂದು ರಬ್ಬರ್ ಉಂಗುರ ಹಾಕಿ ಅದರಡಿ ಚುಚ್ಚಿದರೆ ಹುಳ ಬೇಗ ಹರಿಯುವುದಿಲ್ಲ.

ಬೇಸಿಗೆಯಲ್ಲಿ ಮೀನು ಆಳಕ್ಕಿಳಿದಾಗ ನನ್ನ ಕೈ ಹೋಗುವುದು 10 ಇಂಚಿನ ರಿಬ್ಬನ್ ಬಾಲದ ಹುಳಕ್ಕೆ. ಅದು ಉದ್ದ ಹೌದು, ಆದರೆ ಮೈ ದಪ್ಪವಲ್ಲ. ಅದಕ್ಕೇ 5/0 ದುಂಡು ಬಾಗಿನ ಆಫ್‌ಸೆಟ್. ಉದ್ದ ನೋಡಿ ಅಗಲ ಹೊಟ್ಟೆಯ ಗಾಳ ಹಾಕುವವರೇ ಹೆಚ್ಚು, ಅಲ್ಲಿ ನೋಡಬೇಕಾದ್ದು ದಪ್ಪ.

ವಸಂತದಲ್ಲಿ ಬಾಸ್ ಮೊಟ್ಟೆಯಿಡಲು ದಡಕ್ಕೆ ಬರುತ್ತದೆ. ಪೊದೆಯ ಬುಡಕ್ಕೆ, ನಿಂತ ಮರದ ಕಾಂಡಕ್ಕೆ ತಾಗುವಂತೆ ದಪ್ಪ ಬೇಟನ್ನು ಮೆಲ್ಲಗೆ ಇಳಿಸುವ ಫ್ಲಿಪ್ಪಿಂಗ್ ನನಗೆ ಎಲ್ಲಕ್ಕಿಂತ ಇಷ್ಟ. ನೇರ ಕಾಲಿನ ಗಾಳ ಬೇಕಾಗುವುದು ಇಲ್ಲೇ. ದಪ್ಪ ಕಂಬಿ, 4/0 ಅಥವಾ 5/0, ಜೊತೆಗೆ ಸ್ನೆಲ್ ಗಂಟು. ದಾರವನ್ನು ಮೊನೆಯ ಕಡೆಯಿಂದ ಕಣ್ಣಿಗೆ ತೂರಿಸಿ ಗಾಳದ ಕಾಲಿಗೆ ಸುತ್ತಿ ಬಿಗಿಯುತ್ತೇನೆ. ಹಾಗೆ ಕಟ್ಟಿದರೆ ಜಗ್ಗಿದಾಗ ಎಳೆತ ಕಣ್ಣಿಗೆ ಬೀಳದೆ ಕಾಲಿಗೆ ಬೀಳುತ್ತದೆ, ಗಾಳ ತಿರುಗಿ ಮೊನೆ ಹೊರಕ್ಕೆ ಒದೆಯುತ್ತದೆ, ನೇರ ಮೇಲ್ದವಡೆಗೆ. ಅಂಗೈ ಮೇಲೆ ಗಾಳವಿಟ್ಟು ದಾರ ಎಳೆದು ನೋಡಿದರೆ ಆ ಒದೆತ ಕಣ್ಣಿಗೇ ಕಾಣುತ್ತದೆ. ಒಂದೇ ತೊಂದರೆ, ಹೆಗಲಿಲ್ಲದ್ದರಿಂದ ಬೇಟ್ ಕೆಳಗೆ ಜಾರುತ್ತದೆ. ಕಾಲಿನ ಮೇಲೆ ಹಿಡಿಮುಳ್ಳು ಇರುವ ಗಾಳವನ್ನೇ ಕೊಳ್ಳುತ್ತೇನೆ, ಸಾಲದಿದ್ದರೆ ಮೂಗಿಗೆ ಒಂದು ಹನಿ ಸೂಪರ್ ಗ್ಲೂ.

ಫ್ಲೂಕ್‌ಗೆ 4/0 ಇ.ಡಬ್ಲ್ಯೂ.ಜಿ. ಸಾಮಾನ್ಯವಾಗಿ ಸರಿಹೋಗುತ್ತದೆ. ಈಜುವ ಬಾಲದ ಸ್ವಿಮ್‌ಬೇಟ್‌ಗೆ ಹೊಟ್ಟೆಯ ಕಡೆ ಸೀಸ ಅಂಟಿಸಿದ, ಮೂಗಿಗೆ ಸುರುಳಿ ತಿರುಪು ಇರುವ ಗಾಳ ಬೇಕು. ಸೀಸ ಕೆಳಗಿದ್ದರೆ ಮಾತ್ರ ಅದು ಪಕ್ಕಕ್ಕೆ ಮಗುಚದೆ ನೆಟ್ಟಗೆ ಈಜುತ್ತದೆ. ಡ್ರಾಪ್‌ಶಾಟ್‌ನಲ್ಲಿ (ದಾರದ ತುದಿಗೆ ಗುಂಡು, ಅದರ ಮೇಲೆ ಗಾಳ ಕಟ್ಟುವ ಬಗೆ) 4 ಇಂಚಿನ ಸಪೂರ ಹುಳದ ಮೂಗಿಗೆ 1 ಅಥವಾ 2ರ ಅಳತೆ. ಚಳಿಗಾಲದಲ್ಲಿ ಚಿಕ್ಕ ಹುಳ ಬಿಡುವ ನೆಡ್ ರಿಗ್‌ಗೆ ಅಣಬೆ ತಲೆಯ ಚಿಕ್ಕ ಜಿಗ್ (ತಲೆಗೇ ಭಾರ ಕೂಡಿಸಿದ ಗಾಳ), ಗಾಳ ಸಣ್ಣ ಕಂಬಿಯದ್ದು. ಇವೆಲ್ಲ ಸ್ಪಿನ್ನಿಂಗ್ ರಾಡ್‌ನ ಕೆಲಸ.

ಗಾಳ ಸರಿಯಿದ್ದೂ ಹುಳ ಸೊಟ್ಟಗೆ ಏರಿಸಿದರೆ ಎಲ್ಲ ವ್ಯರ್ಥ. ಮೂಗಿನ ನಡುಮಧ್ಯೆ ಮೊನೆ ತೂರಿಸಿ ಕಾಲಿಂಚು ಒಳಗೆ ಹೋದ ಮೇಲೆ ಹೊರತೆಗೆಯುತ್ತೇನೆ. ಕಣ್ಣಿನವರೆಗೆ ಎಳೆದು ಗಾಳವನ್ನು ಅರ್ಧಸುತ್ತು ತಿರುಗಿಸುತ್ತೇನೆ. ಹುಳವನ್ನು ಸಡಿಲವಾಗಿ ಜೋತುಬಿಟ್ಟು ಗಾಳದ ಬಾಗು ಎಲ್ಲಿಗೆ ತಾಗುತ್ತದೋ ಅಲ್ಲಿ ಉಗುರಿನಿಂದ ಗುರುತು ಮಾಡಿ, ಅದೇ ಜಾಗದಲ್ಲಿ ಚುಚ್ಚುತ್ತೇನೆ. ಈ ಗುರುತು ಮಾಡುವುದನ್ನು ಬಿಟ್ಟರೆ ಹುಳ ಗೂನು ಬೀಳುತ್ತದೆ. ಗೂನು ಹುಳ ನೀರಲ್ಲಿ ಗಿರಗಿರ ಸುತ್ತಿ ದಾರವನ್ನೂ ಹುರಿಗೊಳಿಸುತ್ತದೆ. ಕೊನೆಗೆ ಮೊನೆಯನ್ನು ಇನ್ನೊಂದು ಬದಿಯಿಂದ ಪೂರ್ತಿ ಹೊರತಂದು ಹುಳದ ಬೆನ್ನಿನ ಚರ್ಮದಡಿ ಕೂದಲೆಳೆಯಷ್ಟು ಸಿಗಿಸುತ್ತೇನೆ. ಮೊನೆ ಅಡಗಿರುತ್ತದೆ, ಆದರೆ ಸೀಳಬೇಕಾದ ಪ್ಲಾಸ್ಟಿಕ್ ಬಹಳ ಕಡಿಮೆ.

ಮೊನೆಯ ಹರಿತ ನೋಡಲು ಹೆಬ್ಬೆರಳ ಉಗುರಿನ ಮೇಲೆ ಗಾಳವನ್ನು ಓರೆಯಾಗಿಟ್ಟು ಮೆಲ್ಲಗೆ ಎಳೆಯಬೇಕು. ಕಚ್ಚಿ ನಿಂತರೆ ಸರಿ, ಜಾರಿದರೆ ಬದಲಾಯಿಸಿ. ಕಲ್ಲಿನ ದಡದಲ್ಲಿ ಎಳೆದಾಡಿದ ದಿನ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಉಪ್ಪು ತುಂಬಿದ ಹುಳವನ್ನು ಗಾಳದಲ್ಲೇ ಬಿಟ್ಟು ರಾಡ್ ಮೂಲೆಗಿಟ್ಟರೆ ಬೇಗ ತುಕ್ಕು ಹಿಡಿಯುತ್ತದೆ, ಮನೆಗೆ ಬಂದ ಕೂಡಲೇ ಕಳಚಿಡಿ.

ಲೇಕ್ ಫೋರ್ಕ್ 1980ರಲ್ಲಿ ನೀರು ನಿಲ್ಲಿಸಿದ ಜಲಾಶಯ. ಟೆಕ್ಸಸ್ ರಾಜ್ಯದ ದಾಖಲೆಯ ಬಾಸ್, 18.18 ಪೌಂಡಿನದು, 1992ರ ಜನವರಿಯಲ್ಲಿ ಸಿಕ್ಕಿದ್ದು ಅಲ್ಲೇ. ಅಲ್ಲಿ 16ರಿಂದ 24 ಇಂಚಿನ ನಡುವಿನ ಬಾಸ್ ಇಟ್ಟುಕೊಳ್ಳುವಂತಿಲ್ಲ, ನೀರಿಗೇ ಬಿಡಬೇಕು. ಅಂದರೆ ಒಳ್ಳೆಯ ಮೀನುಗಳಲ್ಲಿ ಬಹುಪಾಲು ವಾಪಸು ಹೋಗುತ್ತವೆ, ಬದುಕುವಂತೆ ಹೋಗಬೇಕು. ಗಾಳದ ಆಯ್ಕೆಗೆ ಇದೂ ನನಗೆ ದೊಡ್ಡ ಕಾರಣ. ಬಾಯಿ ಸರಿಯಾಗಿ ಹೊಂದಿದ ಗಾಳ ಬೇಗ ಹಿಡಿಯುತ್ತದೆ, ತುಟಿಯ ಅಂಚಲ್ಲೋ ಮೇಲ್ದವಡೆಯಲ್ಲೋ ಹಿಡಿಯುತ್ತದೆ. ಹೊಂದದ ಗಾಳವಿದ್ದಾಗ ಜನ ಮೀನಿಗೆ ಇನ್ನಷ್ಟು ಹೊತ್ತು ಕೊಡೋಣ ಎಂದು ಕಾಯುತ್ತಾರೆ, ಅಷ್ಟರಲ್ಲಿ ಹುಳ ಗಂಟಲಿಗಿಳಿದಿರುತ್ತದೆ. ವ್ಯಾಕಿ ರಿಗ್‌ನಲ್ಲಿ ಈ ಅಪಾಯ ಜಾಸ್ತಿ, ಅದಕ್ಕೆ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿಬಿಡುತ್ತೇನೆ. ದಾರ ಬಿಗಿಯಾಗಿಟ್ಟರೆ ಮೀನು ತಪ್ಪಿಸಿಕೊಳ್ಳುವುದು ಹೆಚ್ಚೇನೂ ಆಗುವುದಿಲ್ಲ, ಗಾಳ ಬಿಡಿಸುವುದು ಮಾತ್ರ ಬಹಳ ಸುಲಭ.

ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಗೆಳೆಯರು, ಮೊದಲ ಸಲಕ್ಕೆ ಏನೇನು ತರಲಿ ಎಂದು ಕೇಳಿದರೆ ಮೂರೇ ಪೊಟ್ಟಣ ಹೇಳುತ್ತೇನೆ: 3/0 ಇ.ಡಬ್ಲ್ಯೂ.ಜಿ., 4/0 ದುಂಡು ಬಾಗಿನ ಆಫ್‌ಸೆಟ್, 1/0 ವ್ಯಾಕಿ ಗಾಳ. ಜೊತೆಗೆ 5 ಇಂಚಿನ ಸೆಂಕೊ, 7 ಇಂಚಿನ ಒಂದು ಸಪೂರ ಹುಳ, 3/16 ಔನ್ಸಿನ ಬುಲೆಟ್ ಆಕಾರದ ಗುಂಡು. ರಾಡ್ ಮಧ್ಯಮ ಬಲದ್ದು ಸಾಕು, ಮೂರೂ ಗಾಳ ಸಣ್ಣ ಅಥವಾ ಮಧ್ಯಮ ಕಂಬಿಯವೇ ಇರಲಿ. ಫ್ಲಿಪ್ಪಿಂಗ್ ರಾಡ್, ದಪ್ಪ ನೇರ ಗಾಳ ಇವೆಲ್ಲ ಮುಂದಿನ ವಸಂತಕ್ಕೆ ಕೊಂಡರಾಯಿತು. ಮೀನುಗಾರಿಕೆಯ ಲೈಸೆನ್ಸ್ ಮಾತ್ರ ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ, ಇಕ್ಕಳವನ್ನು ಪೆಟ್ಟಿಗೆಯ ತಳಕ್ಕೆ ಹಾಕದೆ ಕೈಗೆ ಸಿಗುವಂತೆ ಜೇಬಿನಲ್ಲಿಟ್ಟುಕೊಳ್ಳಿ.